ಮರದ ನೆಲದ ಮರುಪಾಲಿಶ್: ಅಂದಾಜುಪಟ್ಟಿ ಮತ್ತು ತೆರಿಗೆ

ಮನೆಗಳಲ್ಲಿ ಸವೆದ ಮರದ ನೆಲವನ್ನು ಉಜ್ಜಿ ಮರಳಿ ಪಾಲಿಶ್ ಮಾಡಿಕೊಡುವ ಗುತ್ತಿಗೆದಾರರು ಚದರ ಅಡಿಗೆ ಇಷ್ಟು ಎಂದು ದೂರವಾಣಿಯಲ್ಲಿಯೇ ದರ ಹೇಳಿಬಿಡುವುದುಂಟು. ನಷ್ಟದ ಬೀಜ ಅಲ್ಲಿಯೇ ಇರುತ್ತದೆ. ಈ ಕೆಲಸದಲ್ಲಿ ನೆಲದ ವಿಸ್ತೀರ್ಣಕ್ಕಿಂತ ಹಲಗೆಯ ಮೇಲ್ಪದರದ ದಪ್ಪ ಮುಖ್ಯವಾದುದು.

ಇಡೀ ತೇಗ ಅಥವಾ ಓಕ್ ಹಲಗೆಯಾದರೆ ಹಲವು ಬಾರಿ ಉಜ್ಜಬಹುದು. ಪ್ಲೈವುಡ್ ಮೇಲೆ ಮರದ ಪದರವನ್ನು ಅಂಟಿಸಿದ ‘ಎಂಜಿನಿಯರ್ಡ್’ ಹಲಗೆಯಲ್ಲಿ ಆ ಪದರವು 3-4 ಮಿ.ಮೀ. ಇದ್ದರೆ ಒಂದೆರಡು ಸಲ ಸಾಧ್ಯ, 1 ಮಿ.ಮೀ.ಗಿಂತ ಕಡಿಮೆಯಿದ್ದರೆ ಯಂತ್ರವನ್ನು ಇಡಲೇಬಾರದು. ಲ್ಯಾಮಿನೇಟ್ ಅಂತೂ ಮರದ ಚಿತ್ರವನ್ನು ಮುದ್ರಿಸಿದ ಹಾಳೆ. ಉಜ್ಜಿದರೆ ಚಿತ್ರವೇ ಅಳಿಯುತ್ತದೆ. ಮೇಲಿನಿಂದ ನೋಡಿದಾಗ ಮೂರೂ ಒಂದೇ ರೀತಿ ಕಾಣಬಹುದು. ಆದುದರಿಂದ ಹೊಸ್ತಿಲ ಬಳಿಯ ಪಟ್ಟಿಯನ್ನು ಬಿಚ್ಚಿ, ಹಲಗೆಯ ಅಂಚನ್ನು ಕಣ್ಣಾರೆ ಕಂಡ ನಂತರವೇ ಅಂದಾಜುಪಟ್ಟಿಯನ್ನು ಬರೆಯತಕ್ಕದ್ದು. ಕಂಡ ದಪ್ಪವನ್ನು ಅದರಲ್ಲಿ ನಮೂದಿಸಿ ಮನೆಯೊಡೆಯರ ಸಹಿ ಪಡೆಯುವುದು ಕ್ಷೇಮ. ಪದರ ಹರಿದ ಮೇಲೆ ಹೊಸ ಹಲಗೆಯ ಖರ್ಚು ಯಾರದೆಂಬ ವಾದವು ಬಾಯಿಮಾತಿನಲ್ಲಿ ಬಗೆಹರಿಯುವುದು ಅಪರೂಪ.

ಕೂಲಿಯ ದಿನಗಳೂ ಲೆಕ್ಕಕ್ಕೆ ಬರಬೇಕು. ಮರಳುಕಾಗದವನ್ನು 40, 60, 100 ಎಂಬ ಕ್ರಮದಲ್ಲಿ ಬದಲಿಸದೆ ನಡುವಿನದನ್ನು ಬಿಟ್ಟರೆ, ಗೀರುಗಳು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತವೆ, ಕೆಲಸ ಎರಡಾಗುತ್ತದೆ. ಎಣ್ಣೆ ಆಧಾರಿತ ಪಾಲಿಯುರೆಥೇನಿನ ಪ್ರತಿ ಲೇಪವೂ ಸಾಮಾನ್ಯವಾಗಿ ಒಂದು ರಾತ್ರಿ ಒಣಗಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ನೀರು ಆಧಾರಿತ ಲೇಪ ಕೆಲವೇ ಗಂಟೆಗಳಲ್ಲಿ ಒಣಗುವುದರಿಂದ, ಡಬ್ಬಿಯ ಬೆಲೆ ಹೆಚ್ಚಾದರೂ ಒಟ್ಟು ಖರ್ಚು ತಗ್ಗಬಹುದು.

ಇನ್ನು ತೆರಿಗೆ. ಸಾಮಗ್ರಿಸಹಿತ ಮರುಪಾಲಿಶ್ ಸ್ಥಿರಾಸ್ತಿಯ ದುರಸ್ತಿಯಾದುದರಿಂದ, 2017ರ ಜಿಎಸ್‌ಟಿ ಕಾಯಿದೆಯಂತೆ ಅದು ಕಾಮಗಾರಿ ಗುತ್ತಿಗೆ. ಸೇವೆಯೆಂದೇ ಪರಿಗಣಿತ, ದರ ಶೇ. 18. ಬಿಲ್ಲನ್ನು ಸಾಮಗ್ರಿ ಮತ್ತು ಕೂಲಿ ಎಂದು ಎರಡಾಗಿ ಹರಿದ ಮಾತ್ರಕ್ಕೆ ಇದು ಬದಲಾಗದು. ಒಂಟಿ ಮನೆಯ ಶುದ್ಧ ಕೂಲಿ ಗುತ್ತಿಗೆಗೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ವಿನಾಯಿತಿ ಹೊಸ ನಿರ್ಮಾಣದಂತಹ ಮೂಲ ಕಾಮಗಾರಿಗೆ ಮಾತ್ರ, ಹಳೆಯ ನೆಲದ ಪಾಲಿಶಿಗಲ್ಲ.

ಚದರ ಅಡಿಗೆ ರೂ. 100ರಂತೆ 600 ಚದರ ಅಡಿಗೆ ರೂ. 60,000 ಎಂದು ಒಪ್ಪಿ, ‘ತೆರಿಗೆ ಪ್ರತ್ಯೇಕ’ ಎಂದು ಬರೆಯದಿದ್ದರೆ, ನೋಂದಾಯಿತ ಗುತ್ತಿಗೆದಾರನು ಅದರೊಳಗಿನಿಂದಲೇ ರೂ. 9,153 ತೆರಿಗೆ ಕಟ್ಟಬೇಕಾದೀತು. ಕೈಗೆ ಉಳಿಯುವುದು ರೂ. 50,847. ಲಾಭವನ್ನು ಶೇ. 15 ಎಂದು ಎಣಿಸಿದ್ದವನಿಗೆ ಆ ರೂ. 9,000 ಪೂರ್ತಿ ಹೋಗಿ, ಮೇಲೆ ಕೈಯಿಂದಲೂ ಹಾಕಬೇಕಾಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿ ಇಲ್ಲದವರು ಲೇಪ, ಮರಳುಕಾಗದ, ಯಂತ್ರದ ಬಾಡಿಗೆಗಳ ಮೇಲೆ ತೆತ್ತ ತೆರಿಗೆಯ ಜಮೆ ಪಡೆದು ಇದನ್ನು ಒಂದಿಷ್ಟು ತಗ್ಗಿಸಿಕೊಳ್ಳಬಹುದು. ಸೇವೆಯಾದ್ದರಿಂದ ಮುಂಗಡ ಹಣ ಬಂದಾಗಲೇ ಅದರ ತೆರಿಗೆಯೂ ಹುಟ್ಟುತ್ತದೆಂಬುದು ಬಹಳ ಮಂದಿಗೆ ಮರೆತುಹೋಗುವ ಸಂಗತಿ.

ಮನೆಯೊಡೆಯರಿಗೆ ಈ ತೆರಿಗೆಯ ಜಮೆ ಸಿಗದು. ವರ್ತಕರು ತಮ್ಮ ವ್ಯಾಪಾರದ ಕಚೇರಿಯ ನೆಲವನ್ನು ಪಾಲಿಶ್ ಮಾಡಿಸಿ, ಆ ಖರ್ಚನ್ನು ಕಟ್ಟಡದ ಮೌಲ್ಯಕ್ಕೆ ಸೇರಿಸದೆ ದುರಸ್ತಿ ಖಾತೆಗೆ ಬರೆದಿದ್ದರೆ ಜಮೆ ದೊರೆಯುತ್ತದೆ.