ಕಲ್ಯಾಣದ ಅರಸಿಯರು

ನಮ್ಮ ಮುರುಮಕ್ಕೆ ಬಹಳ ದೂರವಲ್ಲದ ಬಸವಕಲ್ಯಾಣವು ಒಂದು ಕಾಲಕ್ಕೆ ವಿಶಾಲವಾದ ಚಾಲುಕ್ಯ ಸಾಮ್ರಾಜ್ಯದ ರಾಜಧಾನಿಯಾಗಿದ್ದಿತು. ಇಂದು ಅದು ಕರ್ನಾಟಕದಲ್ಲಿಯೂ ನಾವು ಮಹಾರಾಷ್ಟ್ರದಲ್ಲಿಯೂ ಇರುವೆವಾದರೂ, ಆಗ ಈ ಸೀಮೆಯೆಲ್ಲವೂ ಒಂದೇ ಆಳ್ವಿಕೆಗೆ ಒಳಪಟ್ಟಿದ್ದಿತು. ಒಂದನೆಯ ಸೋಮೇಶ್ವರ (ಸುಮಾರು 1042–1068), ಅವನ ಮಗನಾದ ಆರನೆಯ ವಿಕ್ರಮಾದಿತ್ಯ (1076–1126) ಇವರ ಹೆಸರುಗಳನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿಯೇ ಇರುತ್ತಾರೆ. ಆದರೆ ಅವರ ಅರಸಿಯರನ್ನು ಬಲ್ಲವರು ವಿರಳ.

ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣನು ‘ವಿಕ್ರಮಾಂಕದೇವಚರಿತ’ವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದನು. ಅದರಲ್ಲಿ ಕರಹಾಟದ, ಎಂದರೆ ಇಂದಿನ ಕರಾಡದ, ಶಿಲಾಹಾರ ರಾಜಪುತ್ರಿ ಚಂದಲದೇವಿಯ ಸ್ವಯಂವರದ ವರ್ಣನೆಯಿದೆ. ಕವಿಯು ಆಕೆಯ ರೂಪವನ್ನು ಬಹಳವಾಗಿ ಕೊಂಡಾಡಿದ್ದಾನೆ. ನಮಗೆ ಈ ಕಾವ್ಯವೊಂದೇ ದೊರೆತಿದ್ದರೆ, ಅರಸಿಯ ಬಾಳು ಅಂತಃಪುರದಲ್ಲಿಯೇ ಕಳೆಯಿತೆಂದು ತಿಳಿಯುತ್ತಿದ್ದೆವು.

ಶಿಲಾಶಾಸನಗಳು ಬೇರೆಯ ಸಂಗತಿಯನ್ನು ಹೇಳುತ್ತವೆ. ಸೋಮೇಶ್ವರನ ಅರಸಿ ಮೈಲಲದೇವಿಯು 1053ರಲ್ಲಿ ಬನವಾಸಿ ಹನ್ನೆರಡು ಸಾಸಿರವೆಂಬ ದೊಡ್ಡ ನಾಡನ್ನು ಆಳುತ್ತಿದ್ದಳು. ಅವನ ಇನ್ನೊಬ್ಬ ಅರಸಿ ಕೇತಲದೇವಿಯು 1054ರಲ್ಲಿ ಪೊನ್ನವಾಡ ಅಗ್ರಹಾರದ ಒಡೆತನವನ್ನು ನಡೆಸುತ್ತಿದ್ದಳು. ಅದೇ ಇಂದಿನ ವಿಜಯಪುರ ಜಿಲ್ಲೆಯ ಹೊನವಾಡ. ಆಕೆಯ ಅಧಿಕಾರಿ ಚಾಂಕಿರಾಜನು ಅಲ್ಲಿ ಜಿನಾಲಯವನ್ನು ಕಟ್ಟಿಸಿದನು. ವಿಕ್ರಮಾದಿತ್ಯನ ಅರಸಿ ಲಕ್ಷ್ಮಾದೇವಿಯ ಕೈಯಲ್ಲಿ ಹದಿನೆಂಟು ಅಗ್ರಹಾರಗಳೂ ಧರ್ಮವೊಳಲ್ ಪಟ್ಟಣವೂ ಇದ್ದವೆಂದು 1095ರ ಡಂಬಳದ ಶಾಸನದಿಂದ ತಿಳಿಯುತ್ತದೆ. ಬೌದ್ಧರ ತಾರಾದೇವಿಯ ವಿಹಾರಕ್ಕೆ ಅಲ್ಲಿನ ಶೆಟ್ಟರು ದತ್ತಿ ಬಿಟ್ಟುದನ್ನು ಅದೇ ಶಾಸನವು ಸಾರುತ್ತದೆ. ಸೋಮೇಶ್ವರನ ಸೋದರತ್ತೆ ಅಕ್ಕಾದೇವಿಯಾದರೋ 1047ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆಯನ್ನೇ ಹಾಕಿದ್ದಳು!

ಇದೇ ಕಾಲದಲ್ಲಿ ಬ್ರಹ್ಮದೇಶದ ಪಗಾನಿನಲ್ಲಿ ಕ್ಯಾನ್‌ಸಿತ್ಥನೆಂಬ ದೊರೆಯಿದ್ದನು. ಅವನು ತನ್ನ ಪ್ರಿಯಪತ್ನಿ ತ್ರಿಲೋಕವಟಂಸಕಾದೇವಿಗೆ ಮೂರು ಗ್ರಾಮಗಳನ್ನು ಕೊಟ್ಟಿದ್ದನು. ಆಕೆ ತೀರಿಕೊಂಡ ಬಳಿಕ ಆ ಗ್ರಾಮಗಳೂ ಆಭರಣಗಳೂ ಮಗನಾದ ರಾಜಕುಮಾರನಿಗೆ ಬಂದವು. ತಂದೆಯು ಮರಣಶಯ್ಯೆಯಲ್ಲಿದ್ದಾಗ ಮಗನು ಬುದ್ಧನ ಚಿನ್ನದ ಪ್ರತಿಮೆಯನ್ನು ಮಾಡಿಸಿ, ಆ ಗ್ರಾಮಗಳನ್ನು ಅದಕ್ಕೇ ಅರ್ಪಿಸಿದನು. ಸುಮಾರು 1113ರ ಮ್ಯಾಝೇಡಿ ಶಾಸನವು ಇದನ್ನು ಪಾಲಿ, ಮೋನ್, ಪ್ಯೂ, ಬರ್ಮೀ ಎಂಬ ನಾಲ್ಕು ಭಾಷೆಗಳಲ್ಲಿ ಹೇಳುತ್ತದೆ. ಪ್ಯೂ ಭಾಷೆ ಮರೆತುಹೋಗಿದ್ದಿತು. ಉಳಿದ ಮೂರರ ನೆರವಿನಿಂದ ವಿದ್ವಾಂಸರು ಅದನ್ನು ಮತ್ತೆ ಓದಲು ಕಲಿತರು. ಆಡುವವರಿಲ್ಲದೆ ಹೋದ ಭಾಷೆಗೆ ಕಲ್ಲೊಂದೇ ಆಧಾರವಾಯಿತು.

ನಮ್ಮ ಅರಸಿಯರ ಕಲ್ಲುಗಳು ನುಡಿಯುವುದು ಬಹುಮಟ್ಟಿಗೆ ಕನ್ನಡದಲ್ಲಿಯೇ. ಈ ನುಡಿ ಇನ್ನೂ ನಮ್ಮ ಮನೆಗಳಲ್ಲಿ ಉಳಿದಿದೆ. ಗಡಿಯ ಈಚೆಗಿರುವ ನಾವು ಮಕ್ಕಳಿಗೆ ಕನ್ನಡ ಓದುಬರಹವನ್ನು ಕಲಿಸದೆ ಹೋದರೆ, ಬಾಗಿಲಲ್ಲಿಯೇ ನಿಂತ ಕಲ್ಲು ಕೂಡ ಅವರ ಪಾಲಿಗೆ ಮೂಕವಾದೀತು. ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳೂ ಓದಿ ಹೊಣೆ ಹೊರಬಲ್ಲರೆಂಬುದಕ್ಕೆ ಮೈಲಲದೇವಿ, ಲಕ್ಷ್ಮಾದೇವಿಯರೇ ಸಾಕ್ಷಿ.

ಆದುದರಿಂದ ಪಾಲಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಹೊಲದ ಬದುವಿನಲ್ಲಾಗಲಿ ಹಳೆಯ ಗುಡಿಯ ಅಂಗಳದಲ್ಲಾಗಲಿ ಅಕ್ಷರವುಳ್ಳ ಕಲ್ಲು ಕಂಡರೆ ಅದಕ್ಕೆ ಸುಣ್ಣ ಬಳಿಯಬೇಡಿರಿ, ಬಟ್ಟೆ ಒಗೆಯುವ ಹಾಸುಗಲ್ಲು ಮಾಡಬೇಡಿರಿ. ಶಾಲೆಯ ಗುರುಗಳಿಗೆ ತಿಳಿಸಿರಿ. ಯಾವ ಅರಸಿಯ ಹೆಸರು ಅದರಲ್ಲಿ ಅಡಗಿದೆಯೋ, ಯಾರು ಬಲ್ಲರು?