ಪ್ರೋಗ್ರಾಮಿಂಗ್ ಗುರುವಿಗೆ ದುಡ್ಡು ಕೊಡುವ ಮುನ್ನ

ಪ್ರೋಗ್ರಾಮಿಂಗ್ ಕಲಿಯಲು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಮಕ್ಕಳು ಹುಬ್ಬಳ್ಳಿ–ಧಾರವಾಡದ ಬಸ್ಸು ಹತ್ತಲೇಬೇಕೆಂದಿಲ್ಲ. ಆನ್‌ಲೈನಿನಲ್ಲಿ ಒಬ್ಬರನ್ನೇ ಕೂರಿಸಿಕೊಂಡು ಕಲಿಸುವವರಿದ್ದಾರೆ. ಅವರಿಗೆ ದುಡ್ಡು ಕೊಡಿ. ಆದರೆ ತಾಸಿನ ಲೆಕ್ಕದಲ್ಲಿ ಕೊಡಿ, ಅದೂ ಸ್ವಂತ ಪ್ರಯತ್ನ ಮಾಡಿ ಎಲ್ಲೋ ಸಿಕ್ಕಿಹಾಕಿಕೊಂಡ ಮೇಲೆ.

ಮೊದಲು ಪುಕ್ಕಟೆ ಪಾಠ ಮುಗಿಸಿ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ನಲ್ಲಿ ಸಿ ಭಾಷೆಯ ಕಿರು ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳೂ ಉಚಿತ. ಪ್ರಮಾಣಪತ್ರದ ಪರೀಕ್ಷೆ ಬರೆಯುವವರಿಗಷ್ಟೇ ಶುಲ್ಕ. ಜೋಯಿಡಾದ ಕಾಡಂಚಿನ ಊರಿನವರು ಸಿಗ್ನಲ್ ಸಿಕ್ಕಾಗ ವಿಡಿಯೊ ಇಳಿಸಿಟ್ಟುಕೊಳ್ಳಲಿ.

ನಂತರ ಗುರುವಿನ ಹುಡುಕಾಟ. ದೂರದ ಕಂಪನಿಗಿಂತ ಮೊದಲು ಹಳಿಯಾಳದ ಕೆಎಲ್‌ಎಸ್ ವಿಶ್ವನಾಥರಾವ್ ದೇಶಪಾಂಡೆ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದವರನ್ನು, ಬೆಂಗಳೂರಿನಲ್ಲಿ ನೌಕರಿ ಮಾಡುವ ನಿಮ್ಮೂರಿನವರನ್ನು ಕೇಳಿ ನೋಡಿ. ಕನ್ನಡದಲ್ಲಿ ಅಂಜಿಕೆಯಿಲ್ಲದೆ ಪ್ರಶ್ನೆ ಕೇಳಲು ಸಾಧ್ಯವಾಗುವುದು ದೊಡ್ಡ ಅನುಕೂಲ. ನೆರೆಯವರೆಂದು ಪುಕ್ಕಟೆ ದುಡಿಸಿಕೊಳ್ಳಬೇಡಿ. ಅವರ ಸಮಯಕ್ಕೂ ಬೆಲೆಯಿದೆ.

ಮೊದಲ ಸಲ ಒಂದೇ ತಾಸಿಗೆ ಹಣ ಕೊಡಿ. ನೀವು ಬರೆದ ಕೋಡ್, ಪರದೆಯಲ್ಲಿ ಬಂದ ದೋಷದ ಸಂದೇಶ, ಸರಿಪಡಿಸಲು ಮಾಡಿದ ಪ್ರಯತ್ನ, ಇಷ್ಟನ್ನೂ ಹಿಂದಿನ ದಿನವೇ ಕಳಿಸಿ. ಆ ತಾಸಿನಲ್ಲಿ ಕೀಬೋರ್ಡ್ ಯಾರ ಕೈಯಲ್ಲಿತ್ತು ಎಂಬುದನ್ನು ಗಮನಿಸಿ. ಅವರೇ ಟೈಪ್ ಮಾಡಿ ಉತ್ತರ ಕೊಟ್ಟುಬಿಟ್ಟರೆ ನಿಮಗೆ ದಕ್ಕುವುದು ಕಡಿಮೆ. ‘ಇಲ್ಲಿ ಈ ವೇರಿಯಬಲ್‌ನ ಬೆಲೆ ಎಷ್ಟಿರಬೇಕು?’ ಎಂದು ಕೇಳಿ, ನೀವು ತಡವರಿಸಿದರೂ ಕಾಯುವವರು ಒಳ್ಳೆಯ ಗುರು. ವಿಡಿಯೊದಲ್ಲೇ ಸಿಗುವ ಪಾಠವನ್ನು ಮತ್ತೆ ಒಪ್ಪಿಸುವವರಿಗೆ ಎರಡನೇ ತಾಸು ಬೇಡ.

ಆರು ತಿಂಗಳ ಫೀ ಒಮ್ಮೆಗೇ ಕೇಳುವವರನ್ನೂ, ನೌಕರಿ ಗ್ಯಾರಂಟಿ ಎನ್ನುವವರನ್ನೂ ಬಿಟ್ಟುಬಿಡಿ. ‘ಕಂತಿನಲ್ಲಿ ಕಟ್ಟಿ’ ಎಂದರೆ ಬಹಳ ಸಲ ಅದು ನಿಮ್ಮ ಅಥವಾ ಅಪ್ಪನ ಹೆಸರಿನ ಸಾಲ. ಪಾಠ ನಿಂತರೂ ಕಂತು ತಾನಾಗಿ ನಿಲ್ಲದು. ಆನ್‌ಲೈನ್ ಸಾಲವಾದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಆರಂಭದ ನಿಗದಿತ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಯುಪಿಐ ಆಟೊಪೇ ಒಪ್ಪಿಗೆ ಕೊಟ್ಟಿದ್ದರೆ ಆ್ಯಪ್‌ನಲ್ಲೇ ರದ್ದು ಮಾಡಿ.

ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ. ಮಾತಿನಂತೆ ಕಲಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ, ಹಣ ದೋಚಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪನಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ, ಎಂದರೆ ಉತ್ತರ ಕನ್ನಡದವರು ಕಾರವಾರದಲ್ಲೇ, ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.