ಬೇವಿನ ಕಷಾಯ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ. ಈ ಕಡೆಯ ಎರಿ ಹೊಲಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತಾರೆ.

ಸೊಸಿ ಹೊಲದಿಂದ ಒಂದು ಕುಡಿ ತಂದಳು.

"ಅತ್ತಿ, ಎಲಿ ದೋಣಿಹಂಗ ಮುದುಡ್ಯಾವ್ರಿ."

"ಮುಟುರು ರೋಗ ಬಂದೈತವ್ವ."

"ಎಣ್ಣಿ ಹೊಡಿಯೂಣೇನ್ರಿ?"

"ಹ್ವಾದ ವರ್ಷದ ಎಣ್ಣಿ ಸಾಲನ ತೀರಿಲ್ಲ. ಬದುವಿನ ಬೇವಿನ ಬೀಜ ಆರಿಸಿ ಇಟ್ಟೇನಿ."

ಎಲೆಯ ಕೆಳಗೆ ಥ್ರಿಪ್ಸ್ ನುಸಿ ಇರುತ್ತದೆ. ಕಂಡೂ ಕಾಣದಷ್ಟು ಸಣ್ಣದು. ರಸ ಹೀರುತ್ತದೆ. ಎಲೆ ಮೇಲಕ್ಕೆ ಮುದುಡುತ್ತದೆ. ಮೈಟ್ ನುಸಿ ಬಿದ್ದರೆ ಎಲೆ ಕೆಳಕ್ಕೆ ಮುದುಡುತ್ತದೆ.

ಕಷಾಯ ಮಾಡುವುದು ಹೀಗೆ. 5 ಕಿಲೋ ಒಣ ಬೇವಿನ ಬೀಜದ ತಿರುಳು ಕುಟ್ಟಿರಿ. ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿರಿ. ರಾತ್ರಿ 10 ಲೀಟರ್ ನೀರಿನಲ್ಲಿ ನೆನೆಯಿಡಿರಿ. ಬೆಳಿಗ್ಗೆ ಹಿಂಡಿ ಸೋಸಿರಿ. ನೀರು ಸೇರಿಸಿ 100 ಲೀಟರ್ ಮಾಡಿರಿ. 100 ಗ್ರಾಂ ಸಬಕಾರದ ಪುಡಿ ಕಲಸಿರಿ. ಸಬಕಾರ ಇಲ್ಲದಿದ್ದರೆ ಕಷಾಯ ಎಲೆಗೆ ಹತ್ತುವುದಿಲ್ಲ. ಅಂದೇ ಸಂಜೆ ಹೊಡೆಯಿರಿ. ಬಿಸಿಲಿಗೆ ಬೇವಿನ ಶಕ್ತಿ ಕುಂದುತ್ತದೆ.

"ಮುದುಡಿದ ಎಲಿ ಬಿಚ್ಚತಾವೇನ್ರಿ, ಅತ್ತಿ?"

"ಇಲ್ಲವ್ವ. ಹೊಸ ಕುಡಿ ಚಲೋ ಬರತಾವ. ರೋಗ ಬಾಳ ಹಬ್ಬಿದರ ಬೇವು ಸಾಲೂದಿಲ್ಲ. ಆವಾಗ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಕೇಳಬೇಕು."

ಸೊಸಿ ಒರಳು ತೊಳೆಯಲು ಎದ್ದಳು.

"ಅಡಿಗಿ ಒರಳ ಬ್ಯಾಡವ್ವ! ಕಹಿ ಹೋಗೂದಿಲ್ಲ. ಹಿತ್ತಲದಾಗ ಹಳೇದು ಐತಿ, ಅದನ್ನ ತಗೊ."